ಹಸಿರು ದೀಪದ ಮಕ್ಕಳು

ವಿಡಿಯೋ ಗೇಮ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಡಾಕ್ಟರ್ ಸುಕನ್ಯಾ ಕಲಘಟಗಿಯ ಮೈ ಉರಿಯುತ್ತಿತ್ತು. ಇದೇನೂ ಅವಳು ಬಚ್ಚಿಟ್ಟ ಗುಟ್ಟಲ್ಲ. ಧಾರವಾಡದ ಬಾಲಮನ ಪರೀಕ್ಷಾಲಯದ ನಿರ್ದೇಶಕಿಯಾಗಿ ಕುರ್ಚಿಯಲ್ಲಿ ಕೂತ ದಿನವೇ ಪತ್ರಿಕೆಯವರ ಮುಂದೆ ಹೇಳಿಬಿಟ್ಟಿದ್ದಳು: "ಮಕ್ಕಳ ತಲಿ ಕೆಡಿಸಿ ಹೊಟ್ಟಿ ತುಂಬ್ಸಿಕೊಳ್ಳೋರಿಗೆ ಇಲ್ಲಿ ಕುಡ್ಯಾಕ ನೀರು ಸೈತ ಸಿಗೂದಿಲ್ಲ." ತಾಯಂದಿರು ಚಪ್ಪಾಳೆ ಹೊಡೆದರು. ಮಕ್ಕಳು ಅವಳಿಗೆ 'ಆಟನುಂಗಿ' ಎಂದು ಹೆಸರಿಟ್ಟರು. ಅವಳಿಗೆ ಎರಡೂ ಪ್ರಶಸ್ತಿಯೇ ಆಗಿದ್ದವು.

ಆ ಹೊತ್ತಿಗೆ ಕಾನೂನು ಬಂದಿತ್ತು. ಹದಿನಾರು ತುಂಬದ ಮಕ್ಕಳು ಆಡುವ ಯಾವ ಆಟವೂ ಪರೀಕ್ಷಾಲಯದ ಒಪ್ಪಿಗೆಯಿಲ್ಲದೆ ಫೋನಿಗೆ ಇಳಿಯುವಂತಿರಲಿಲ್ಲ. ಆಟದಿಂದ ಮಕ್ಕಳ ಮನಸ್ಸು ಕೆಡುತ್ತದೋ ಚುರುಕಾಗುತ್ತದೋ ಎಂದು ದೊಡ್ಡವರು ತಲೆಮಾರುಗಟ್ಟಲೆ ಕಚ್ಚಾಡಿದ್ದು ಸಾಕಾಗಿ, ಅಳೆದೇ ತೀರಿಸಿಬಿಡೋಣ ಎಂದು ಸರ್ಕಾರ ಹೊರಟಿತ್ತು. ಅಳೆಯುವುದು ಹೇಗೆ ಎಂಬುದೇ ತಲೆನೋವು. ಮಕ್ಕಳನ್ನು ಕೇಳಿದರೆ ಸುಳ್ಳು ಹೇಳುತ್ತವೆ. ತಂದೆತಾಯಿಗಳನ್ನು ಕೇಳಿದರೆ ಇನ್ನೂ ಚೆಂದದ ಸುಳ್ಳು ಹೇಳುತ್ತಾರೆ. ತಲೆಗೆ ತಂತಿ ಹಚ್ಚಿ ಕೂರಿಸಿದರೆ ಅದು ಪರೀಕ್ಷೆಗೆ ಕೂತ ಮಗುವಾಗುತ್ತದೆ, ಮನೆಯ ಮಗುವಾಗಿರುವುದಿಲ್ಲ.

ಸುಕನ್ಯಾ ಹಿಡಿದದ್ದು ಸದ್ದಿನ ದಾರಿ. ಆಟದ ಹುಚ್ಚು ಹಿಡಿದ ಮಗುವಿರುವ ಮನೆಯಲ್ಲಿ ಬಾಗಿಲು ಬಡಿಯುತ್ತವೆ, ತಾಟು ಬೀಳುತ್ತವೆ, ತಾಯಿ ಕಿರುಚುತ್ತಾಳೆ, ತಂದೆ ಗದರುತ್ತಾನೆ. ಹಾಗಾದರೆ ಅದನ್ನೇ ಅಳೆದರಾಯಿತು. ಕಡ್ಡಿಪೆಟ್ಟಿಗೆಯಷ್ಟು ಯಂತ್ರವೊಂದನ್ನು ಅವಳು ಮಾಡಿಸಿದಳು. ಪಡಸಾಲೆಯ ಗೋಡೆಗೆ ಅಂಟಿಸುವಂಥದು. ಜನ ಅದನ್ನು 'ಗೋಡೆಗಿವಿ' ಎಂದು ಕರೆದರು. ಅದಕ್ಕೆ ಮಾತು ತಿಳಿಯುತ್ತಿರಲಿಲ್ಲ, ತಿಳಿಯಬಾರದೆಂದೇ ಹಾಗೆ ಮಾಡಿಸಿದ್ದು. ದನಿ ಎಷ್ಟು ಏರಿತು, ಎಷ್ಟು ಹರಿತವಾಯಿತು, ಯಾರಾದರೂ ಬಿಕ್ಕಿದರೋ, ಇಷ್ಟೇ ಅದರ ಲೆಕ್ಕ. ಮನೆ ಶಾಂತವಿದ್ದರೆ ಹಸಿರು ದೀಪ, ಬಿಸಿ ಏರಿದರೆ ಹಳದಿ, ರಣರಂಗವಾದರೆ ಕೆಂಪು. ಹೊಸ ಆಟವೊಂದನ್ನು ನೂರಾರು ಮನೆಗಳಿಗೆ ಕೊಡುವುದು, ಆಡುವುದಕ್ಕೆ ಮುಂಚಿನ ಸದ್ದನ್ನೂ ಆಮೇಲಿನ ಸದ್ದನ್ನೂ ಹೋಲಿಸುವುದು, ಕೆಂಪು ಹೆಚ್ಚಿದರೆ ಆಟವನ್ನು ಕಸದ ಬುಟ್ಟಿಗೆ ಎಸೆಯುವುದು. ಎರಡು ವರ್ಷ ಬಂದ ಆಟಗಳೆಲ್ಲ ಬುಟ್ಟಿಗೇ ಹೋದವು. ಬಂದೂಕಿನ ಆಟ, ಓಟದ ಆಟ, ಕೊನೆಗೆ ಬಣ್ಣದ ಮಿಠಾಯಿ ಜೋಡಿಸುವ ಆಟವನ್ನೂ ಅವಳು ಬಿಡಲಿಲ್ಲ. ಒಂದೊಂದನ್ನು ಕೊಂದಾಗಲೂ ಸಿಬ್ಬಂದಿಗೆ ಪೇಢೆ ತರಿಸುತ್ತಿದ್ದಳು.

ಆಗ ಬಂದವನು ಅಮೋಘ. ಬೆಂಗಳೂರಿನ ಆಟದ ಕಂಪನಿಯೊಂದರ ಮುಖ್ಯಸ್ಥ. ವಯಸ್ಸು ಮೂವತ್ತರದು, ನಗು ಮಾತ್ರ ಪಳಗಿದ ರಾಜಕಾರಣಿಯದು.

"ಮೇಡಂ, ನಿಮ್ಮ ಗೋಡೆಗಿವಿನ ನಮ್ಮ ಆಟಕ್ಕೆ ಜೋಡಿಸೋಕೆ ಒಂದು ಅನುಮತಿ ಕೊಡಿ, ಸಾಕು," ಎಂದ.

"ಆಟಕ್ಕ ಯಾಕ ಬೇಕು ಮನಿ ಸದ್ದು?"

"ನಮ್ಮ ಆಟದ ಆಕಾಶ ಅದೇ."

ಆಟದ ಹೆಸರು 'ತಂಗಾಳಿ'. ಮಗು ಅದರಲ್ಲಿ ತನ್ನದೇ ಒಂದು ಊರು ಕಟ್ಟಬೇಕು. ಬಾವಿ ತೋಡಬೇಕು, ಕೆರೆಗೆ ಒಡ್ಡು ಹಾಕಬೇಕು, ಜೋಳ ಬಿತ್ತಬೇಕು, ಜನರನ್ನು ಕರೆತಂದು ನೆಲೆಗೊಳಿಸಬೇಕು. ಆ ಊರಿನ ಹವಾಮಾನ ಮಾತ್ರ ಮಗುವಿನ ನಿಜವಾದ ಮನೆಯಿಂದ ಬರುತ್ತದೆ. ಗೋಡೆಗಿವಿ ಹಸಿರಾಗಿದ್ದರೆ ಹದವಾದ ಮಳೆ, ಹಳದಿಯಾದರೆ ಬಿಸಿಲು, ಕೆಂಪಾದರೆ ಬಿರುಗಾಳಿ. ಬಿರುಗಾಳಿಗೆ ಮನೆಗಳು ಉರುಳುತ್ತವೆ, ಒಡ್ಡು ಒಡೆಯುತ್ತದೆ, ಪ್ರೀತಿಯಿಂದ ಹೆಸರಿಟ್ಟ ಜನ ಗಂಟುಮೂಟೆ ಕಟ್ಟಿಕೊಂಡು ಹೊರಟುಹೋಗುತ್ತಾರೆ.

"ಮಗು ಕೂಗಾಡಿದ್ರೆ ಅದರ ಊರೇ ಹಾಳಾಗುತ್ತೆ ಮೇಡಂ. ತನ್ನ ಸಿಟ್ಟು ತಾನೇ ಹಿಡ್ಕೊಳ್ಳೋದು ಕಲಿಯುತ್ತೆ. ನೀವು ಬೈಯೋದೇ ಬೇಡ."

ಸುಕನ್ಯಾ ತಪ್ಪು ಹುಡುಕಿದಳು. ಸಿಗಲಿಲ್ಲ. ತನ್ನ ಯಂತ್ರವೇ ಆಕಾಶವಾಗಿರುವ ಆಟವೊಂದನ್ನು ಕಂಡು ಒಳಗೊಳಗೇ ಹಿಗ್ಗಿದಳು ಕೂಡ. ಅನುಮತಿ ಕೊಟ್ಟಳು. ಪರೀಕ್ಷೆಯ ಮನೆಗಳಲ್ಲಿ ಒಂದಾಗಿ ಹುಬ್ಬಳ್ಳಿಯ ತನ್ನ ಮನೆಯನ್ನೇ ಸೇರಿಸಿದಳು.

ಆ ಮನೆಯ ಸದ್ದನ್ನು ಓಣಿಯೇ ಬಲ್ಲದು. ಗಂಡ ಶಶಿಧರ ಕಾರವಾರದ ಬಂದರಿನಲ್ಲಿ ಇಂಜಿನಿಯರ್, ಯಾವಾಗಲೋ ಒಮ್ಮೆ ಬಂದುಹೋಗುವ ಅತಿಥಿ. ಉಳಿದವರು ಮೂವರು. ಅತ್ತೆ ಗಂಗವ್ವನ ದನಿಗೆ ತುಸು ಹೆಚ್ಚೇ ಕಸುವು. ಟಿವಿ ಧಾರಾವಾಹಿಯ ಕೆಟ್ಟ ಸೊಸೆಯರನ್ನೂ ಅವಳು ಬೈದೇ ಊಟಕ್ಕೆ ಏಳುವವಳು. ಸುಕನ್ಯಾ ಅವಳಿಗೆ ಏಟಿಗೆ ಎದುರೇಟು. ಇಬ್ಬರ ನಡುವೆ ಮಗಳು ಇಂಚರಾ, ಹನ್ನೆರಡು ಮುಗಿದು ಹದಿಮೂರಕ್ಕೆ ಕಾಲಿಡುತ್ತಿದ್ದ ಹುಡುಗಿ, ಇಬ್ಬರ ನಾಲಗೆಯನ್ನೂ ಸೇರಿಸಿಕೊಂಡು ಹುಟ್ಟಿದವಳು. ಫೋನು ಕಸಿದುಕೊಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. "ಊರ ಮಕ್ಕಳ ಆಟ ನುಂಗಿದ್ದು ಸಾಲಲಿಲ್ಲೇನು ನಿನಗ?" ಎಂದು ಒಳಗಿನಿಂದ ಕೂಗುತ್ತಿದ್ದಳು.

ತಂಗಾಳಿ ಬಂದು ಕೆಲವೇ ವಾರಗಳಲ್ಲಿ ಆ ಮನೆ ಬದಲಾಯಿತು. ಇಂಚರಾ ಕರೆದರೆ ಎದ್ದು ಬರತೊಡಗಿದಳು. ಸುಕನ್ಯಾಳ ದನಿ ಒಂದು ಎಳೆ ಏರಿದರೆ "ಸಾರಿ ಅಮ್ಮಾ, ಈಗ ಮಾಡ್ತೀನಿ" ಎನ್ನುತ್ತಿದ್ದಳು. ಅತ್ತೆ ಸೊಸೆ ಮುಖ ಬಿಗಿದುಕೊಂಡರೆ ನಡುವೆ ಬಂದು ಕೂತು ಶಾಲೆಯ ಒಂದು ನಗೆಮಾತು ಹೇಳುತ್ತಿದ್ದಳು. ಹಾಲ್ ತುಂಬ ಹಸಿರು ಬೆಳಕು. ಬೇರೆ ಮನೆಗಳಿಂದಲೂ ಅದೇ ಸುದ್ದಿ ಬಂತು. ಅಂಕಗಳು ಏರಿದವು, ಶಾಲೆಗಳಲ್ಲಿ ಹೊಡೆದಾಟ ನಿಂತಿತು. ತಂಗಾಳಿಗೆ ಒಪ್ಪಿಗೆ ಸಿಕ್ಕಿತು, ರಾಜ್ಯದ ಮನೆಮನೆಯ ಗೋಡೆಗೂ ಕಿವಿ ಬಂತು. ಆಟಗಳ ಶತ್ರು ಸುಕನ್ಯಾ ಒಂದು ಆಟವನ್ನು ಹೊಗಳಿ ಭಾಷಣ ಮಾಡುತ್ತ ತಿರುಗಿದಳು.

ಒಪ್ಪದವಳು ಗಂಗವ್ವ ಒಬ್ಬಳೇ.

"ಈ ಹುಡುಗಿ ನನ್ನ ಜೋಡಿ ವಾದಾ ಮಾಡೂದ ಬಿಟ್ಟೈತಿ. ಜ್ವರಾ ಗಿರಾ ಬಂದೈತೇನು ನೋಡವಾ," ಎಂದಳು ಒಂದು ಬೆಳಿಗ್ಗೆ.

"ಶಾಣ್ಯಾಕಿ ಆಗ್ಯಾಳ ಅತ್ತಿ. ನಿಮಗ ಜಗಳಿಲ್ಲದ ರೊಟ್ಟಿ ಇಳಿಯೂದಿಲ್ಲ ಬಿಡ್ರಿ," ಎಂದು ಸುಕನ್ಯಾ ನಕ್ಕಳು. ಇಂಚರಾ ಕೂಡ ನಕ್ಕಳು. ನಗುವ ಮುಂಚೆ ಅವಳ ಕಣ್ಣು ಗೋಡೆಯ ದೀಪದ ಕಡೆಗೆ ಹೋಗಿ ಬಂದದ್ದನ್ನು ಸುಕನ್ಯಾ ಕಂಡಳು. ಕಂಡರೂ ಅದನ್ನು ಒಳ್ಳೆಯ ಅಭ್ಯಾಸವೆಂದೇ ಎಣಿಸಿದಳು.

ಮಾರ್ಚಿನಲ್ಲಿ ಪರೀಕ್ಷಾಲಯದ ಬಾಗಿಲು ದಢಾರನೆ ತೆರೆಯಿತು. ಕಾವಲುಗಾರನನ್ನು ತಳ್ಳಿಕೊಂಡು ಹೆಂಗಸೊಬ್ಬಳು ನೇರ ಸುಕನ್ಯಾಳ ಕೋಣೆಗೆ ನುಗ್ಗಿದಳು. ಹೈಸ್ಕೂಲು ಗಣಿತದ ಟೀಚರ್ ದಾಕ್ಷಾಯಣಿ. ಮೊದಲ ಪರೀಕ್ಷೆಯ ಮನೆಗಳಲ್ಲಿ ಅವಳದೂ ಒಂದು. ಪರೀಕ್ಷಾಲಯದ ವಾರ್ಷಿಕೋತ್ಸವದಲ್ಲಿ ಇದೇ ಸುಕನ್ಯಾಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡವಳು. ಕೂದಲು ಬಾಚಿರಲಿಲ್ಲ, ಸೀರೆಗೆ ಆಸ್ಪತ್ರೆಯ ವಾಸನೆ ಹತ್ತಿತ್ತು.

"ನನ್ನ ಮಗಾ ಸಮರ್ಥ ಐಸಿಯುದಾಗ ಅದಾನ. ಗೊತ್ತೈತೇನು ನಿಮಗ?"

"ಕೂಡ್ರಿ ಟೀಚರ್, ಏನಾತು..."

"ಕೂಡಾಕ ಬಂದಿಲ್ಲ ನಾ! ಹೊಟ್ಟಿಯೊಳಗ ಅಪೆಂಡಿಕ್ಸ್ ಒಡದೈತಿ. ಮೂರು ದಿನಾ ಹೊಟ್ಟಿನೋವು ಇತ್ತು ಅವಗ. ಮೂರು ದಿನಾ ನನ್ನ ಮುಂದ ನಕ್ಕೋತ ಓಡ್ಯಾಡ್ಯಾನ. ವಾಂತಿ ಬಂದ್ರ ಬಾತ್‌ರೂಮಿನ ನಳಾ ಬಿಟ್ಟು, ಆ ಸದ್ದಿನೊಳಗ ವಾಂತಿ ಮಾಡ್ಯಾನ. ಬಿದ್ದ ಮ್ಯಾಲೆ ಗೊತ್ತಾತು ನನಗ."

ಸುಕನ್ಯಾ ಎದ್ದು ನಿಂತಳು. "ಯಾಕ ಹೇಳಲಿಲ್ಲಂತ?"

"ಡಾಕ್ಟರೂ ಅದನ್ನ ಕೇಳಿದ್ರು. ಏನಂದ ಗೊತ್ತೇನು? 'ಹೇಳಿದ್ರ ಅವ್ವ ಗಾಬರಿ ಆಗಿ ಒದರ್ತಾಳ್ರಿ, ಊರಾಗ ಬಿರುಗಾಳಿ ಬರ್ತೈತಿ' ಅಂದ. ಸಾಯಾಕ ತಯಾರಿದ್ದ ನನ್ನ ಮಗಾ, ನಾ ಒದರಬಾರ್ದಂತ!" ದಾಕ್ಷಾಯಣಿ ಮೇಜಿನ ಹತ್ತಿರಕ್ಕೆ ಬಂದಳು. "ಹಸಿರು ದೀಪ ನೋಡಿ ಖುಷಿ ಪಟ್ಟೆನಲ್ಲ ನಾನೂ. ನನ್ನ ಬಾಯಿಗೆ ಬೆಂಕಿ ಬೀಳಲಿ. ನಿಮ್ಮ ಯಂತ್ರಕ್ಕೂ ಬೀಳಲಿ."

ಮೇಜಿನ ಮೇಲಿದ್ದ ಗೋಡೆಗಿವಿಯ ಮಾದರಿಯನ್ನು ಅವಳು ನೆಲಕ್ಕೆ ಅಪ್ಪಳಿಸಿ ಹೊರಟುಹೋದಳು. ಸುಕನ್ಯಾ ಅದರ ಚೂರುಗಳನ್ನು ನೋಡುತ್ತ ನಿಂತಳು. ಮಗು ತನ್ನ ಸಿಟ್ಟನ್ನು ಹಿಡಿದುಕೊಳ್ಳುವುದನ್ನು ಕಲಿಯುತ್ತದೆ ಎಂದು ಅವಳು ನಂಬಿದ್ದಳು. ಆದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸದ್ದು ಮಾಡುವವರು ದೊಡ್ಡವರು. ಊರು ಉಳಿಯಬೇಕಾದರೆ ದೊಡ್ಡವರ ಬಾಯಿ ಮುಚ್ಚಬೇಕು. ಬಾಯಿ ಮುಚ್ಚಬೇಕಾದರೆ ಅವರಿಗೆ ಏನೂ ಗೊತ್ತಾಗಬಾರದು. ಇಷ್ಟು ಸರಳವಾದದ್ದು ರಾಜ್ಯದ ಮಕ್ಕಳಿಗೆಲ್ಲ ತಿಳಿದಿತ್ತು, ನಿರ್ದೇಶಕಿಗೆ ತಿಳಿದಿರಲಿಲ್ಲ. ತನ್ನ ಮೇಲೆ ತನಗೇ ಹೇಸಿಗೆ ಎನಿಸಿತು. ಮರುಕ್ಷಣ ಇಂಚರಾಳ ಮುಖ ನೆನಪಾಗಿ ಕಾರಿನ ಕೀಲಿ ಎತ್ತಿಕೊಂಡು ಹೊರಟಳು.

ಶಾಲೆಯಿಂದಲೇ ಮಗಳನ್ನು ಕಾರಿಗೆ ಹತ್ತಿಸಿಕೊಂಡು ಉಣಕಲ್ ಕೆರೆಯ ದಂಡೆಗೆ ಕರೆದೊಯ್ದಳು. ಗಿರ್ಮಿಟ್ ಮಂಡಕ್ಕಿಯ ಪೊಟ್ಟಣ ಕೊಡಿಸಿದಳು. ಕಲ್ಲುಬೆಂಚಿನ ಮೇಲೆ ಕೂರಿಸಿದಳು.

"ಇಂಚೂ, ಇಲ್ಲಿ ಗೋಡಿ ಇಲ್ಲ, ಕಿವಿ ಇಲ್ಲ. ನನ್ನಿಂದ ಏನರ ಮುಚ್ಚಿಟ್ಟೀಯೇನು?"

ಹುಡುಗಿ ಸುತ್ತ ನೋಡಿದಳು. ಖಾತ್ರಿ ಮಾಡಿಕೊಂಡಳು. ಆಮೇಲೆ ಹೋಂವರ್ಕ್ ಒಪ್ಪಿಸುವ ದನಿಯಲ್ಲಿ ಹೇಳಿದಳು. "ನಾ ದೊಡ್ಡಾಕಿ ಆಗೇನಮ್ಮಾ. ದೀಪಾವಳಿ ಮುಂದ."

ಸುಕನ್ಯಾಳ ಕೈಯ ಪೊಟ್ಟಣ ಹಾಗೇ ಉಳಿಯಿತು. "ದೀಪಾವಳಿ ಮುಂದ? ಇಷ್ಟು ತಿಂಗಳು... ಯಾಕ ಹೇಳಲಿಲ್ಲ?"

"ಹೇಳಿದ್ರ ಅಜ್ಜಿ ಆರತಿ ಮಾಡಬೇಕಂತಿದ್ಲು. ನೀ ಬ್ಯಾಡಂತಿದ್ದಿ. ವಿದ್ಯಾ ಅಕ್ಕನ ಆರತಿ ದಿನಾ ನೀವಿಬ್ರೂ ಏನ್ ಮಾಡಿದ್ರಿ ನೆನಪಿಲ್ಲೇನು? ನನ್ನ ಊರಾಗ ಕೆರಿ ಒಡ್ಡು ಆಗಷ್ಟ ಕಟ್ಟಿ ಮುಗಿಸಿದ್ದೆ ನಾ."

ನೆನಪಿತ್ತು. ನೆಂಟರ ಹುಡುಗಿ ವಿದ್ಯಾ ಮೈನೆರೆದಾಗ ಹಸಿರು ಸೀರೆ ಉಡಿಸಿ ಆರತಿ ಎತ್ತಿದ್ದರು. ಹುಡುಗಿಯ ಮೈಯ ಸುದ್ದಿಯನ್ನು ಓಣಿಗೆಲ್ಲ ಸಾರುವುದೇಕೆಂದು ಸುಕನ್ಯಾ ಅಲ್ಲೇ ಕೂಗಾಡಿದ್ದಳು. "ನನ್ನ ಮೊಮ್ಮಗಳದು ನಾ ಮಾಡಾಕಿನ" ಎಂದು ಗಂಗವ್ವ ತೊಡೆ ತಟ್ಟಿದ್ದಳು. ಅದಕ್ಕೆಂದೇ ಒಂದು ಇಳಕಲ್ ಸೀರೆ ಕೊಂಡು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಇಬ್ಬರೂ ಆ ದಿನಕ್ಕಾಗಿ ಕತ್ತಿ ಮಸೆಯುತ್ತ ಕಾದಿದ್ದರು. ದಿನ ಸದ್ದಿಲ್ಲದೆ ಬಂದು ಹೋಗಿತ್ತು.

"ಹೆದರಿಕಿ ಆಗಲಿಲ್ಲೇನ ನಿನಗ?"

"ಮೊದಲ್ನೇ ಸಲಾ ಭಾಳ ಹೊಟ್ಟಿ ನೂಸತಿತ್ತು. ನಳಾ ಬಿಟ್ಟು ಅತ್ತೆ. ನೀರಿನ ಸದ್ದು ಇದ್ರ ಕಿವಿಗೆ ಅಳೂದು ಗೊತ್ತಾಗೂದಿಲ್ಲ. ಎಲ್ಲಾರೂ ಹಂಗ ಮಾಡ್ತಾರ." ಮಗಳು ತಾಯಿಯ ಕಣ್ಣೀರು ನೋಡಿ ಥಟ್ಟನೆ ಮೆತ್ತಗಾದಳು. "ಅಳಬ್ಯಾಡಮ್ಮಾ. ಸಾರಿ. ಇನ್ನ ಎಲ್ಲಾ ಹೇಳ್ತೀನಿ."

ಆ 'ಸಾರಿ' ಸುಕನ್ಯಾಳಿಗೆ ಕಪಾಳಕ್ಕೆ ಹೊಡೆದಂತಾಯಿತು.

ಮುಂದಿನ ವಾರ ಪರೀಕ್ಷಾಲಯದ ಆಡಳಿತ ಮಂಡಳಿಯ ಸಭೆ. ಅವಳು ತಂಗಾಳಿಯ ಒಪ್ಪಿಗೆ ರದ್ದು ಮಾಡಲೇಬೇಕೆಂದು ಪಟ್ಟು ಹಿಡಿದಳು. ಸಮರ್ಥನ ಕತೆ ಹೇಳಿದಳು. ಅವನು ಬದುಕಿ ವಾರ್ಡಿಗೆ ಬಂದಿದ್ದ, ನರ್ಸ್‌ಗಳಿಗೂ ನೋವಿಲ್ಲವೆಂದೇ ಹೇಳುತ್ತಿದ್ದ. ಅಮೋಘ ಎದುರು ಕೂತು ಸಹನೆಯಿಂದ ಕೇಳಿದ.

"ಮೇಡಂ, ಒಂದು ಮಗುವಿನ ಹೊಟ್ಟೆನೋವಿಗೆ ಲಕ್ಷಾಂತರ ಮನೆಗಳ ನೆಮ್ಮದಿ ಕಿತ್ಕೋತೀರಾ? ಆಟ ಮಕ್ಕಳನ್ನ ಒರಟು ಮಾಡುತ್ತೆ ಅಂತ ಇಷ್ಟು ವರ್ಷ ಬೈದ್ರಿ. ಈಗ ಒಳ್ಳೆಯವರನ್ನಾಗಿ ಮಾಡುತ್ತೆ ಅಂತ ಬೈತಿದ್ದೀರಿ. ನಿಮಗೆ ಬೇಕಾಗಿರೋದಾದ್ರೂ ಏನು?"

"ಒಳ್ಳೇರಾಗಿಲ್ಲ ಅವು! ದೊಡ್ಡೋರ ಮಾರಿ ನೋಡಿ ಮಾತಾಡೂದು ಕಲತಾವ. ಸುಳ್ಳು ಕಲಿಸೀರಿ ನೀವು ನನ್ನ ಮಗಳಿಗೆ."

"ನಾವು ಏನೂ ಕಲಿಸಿಲ್ಲ. ಯಾವ ಮನೇಲಿ ಕೂಗಾಟ ಇಲ್ವೋ ಅದು ಒಳ್ಳೆ ಮನೆ ಅಂತ ಹೇಳಿದ್ದು ನೀವು. ನಿಮ್ಮ ಅಳತೆಗೆ ಸರಿಯಾಗಿ ನಾವು ಬಟ್ಟೆ ಹೊಲ್ದು ಕೊಟ್ವಿ."

ಸುಕನ್ಯಾ ಮೇಜು ಗುದ್ದಿದಳು. ಸಭೆಯ ಕೋಣೆಗೂ ಅಂಟಿಸಿದ್ದ ಗೋಡೆಗಿವಿಯ ದೀಪ ಕೆಂಪಾಯಿತು. ಎಲ್ಲರೂ ಅದನ್ನು ನೋಡಿದರು, ಆಮೇಲೆ ಅವಳನ್ನು ನೋಡಿದರು. ಹೊರಗೆ ಗೇಟಿನ ಬಳಿ ತಂದೆತಾಯಿಗಳು ಫಲಕ ಹಿಡಿದು ನಿಂತಿದ್ದರು: 'ನಮ್ಮ ತಂಗಾಳಿ ನಮಗೆ ಬೇಕು'. ಮಾತು ಕೇಳುವ ಮಕ್ಕಳ ರುಚಿ ಒಮ್ಮೆ ಹತ್ತಿದ ಮೇಲೆ ಯಾರು ಬಿಡುತ್ತಾರೆ! ಮಂಡಳಿ ಒಪ್ಪಿಗೆಯನ್ನು ಮುಂದುವರಿಸಿತು. ಒಂದೇ ಒಂದು ಸುಧಾರಣೆ ಸೂಚಿಸಿತು. ಇನ್ನು ಮುಂದೆ ತನ್ನ ನೋವನ್ನು ಮೆಲುದನಿಯಲ್ಲಿ ತಿಳಿಸಿತೆಂದು ಹಿರಿಯರು ಆಟದಲ್ಲಿ ಗುರುತು ಹಾಕಿದ ಮಗುವಿನ ಊರಿಗೆ ಒಂದು ಮಳೆ ಹೆಚ್ಚುವರಿಯಾಗಿ ಬರುವುದು.

ಸುಕನ್ಯಾ ಅಲ್ಲೇ ರಾಜೀನಾಮೆ ಬಿಸಾಕಿ ಮನೆಗೆ ಬಂದಳು. ಚಪ್ಪಲಿ ಕೂಡ ಬಿಡದೆ ಹಾಲ್‌ಗೆ ಹೋಗಿ ಗೋಡೆಗಿವಿಯನ್ನು ಕಿತ್ತಳು. ಗಾರೆಯ ಚಕ್ಕೆಯೊಂದು ಅದರ ಜೊತೆಗೇ ಬಂತು. ಮಗಳ ಫೋನಿನಿಂದ ತಂಗಾಳಿಯನ್ನು ಅಳಿಸಿದಳು. ಒಂದು ವರ್ಷದ ಊರು, ಕೆರೆ, ಒಡ್ಡು, ಹೆಸರಿಟ್ಟ ಜನ, ಎಲ್ಲ ಹೋಯಿತು.

ಇಂಚರಾ ನೋಡುತ್ತ ನಿಂತಿದ್ದಳು. "ಆತಮ್ಮಾ," ಎಂದಳು. "ನಿನಗ ಚಹಾ ಮಾಡ್ಲೇನು?"

ಆಟ ಹೋಯಿತು, ಅದು ಕಲಿಸಿದ್ದು ಹೋಗಲಿಲ್ಲ. ಗೋಡೆಯ ಮೇಲೆ ದೀಪವಿಲ್ಲದ್ದಕ್ಕೆ ಹುಡುಗಿ ಈಗ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಹುಬ್ಬು ಗಂಟಾದರೆ ದನಿ ತಗ್ಗಿಸುವಳು, ತುಟಿ ಸಡಿಲವಾದರೆ ಒಂದು ನಗು ಕೊಡುವಳು. ಸುಕನ್ಯಾ ಅವಳನ್ನು ಕೆಣಕತೊಡಗಿದಳು. ಬೇಕೆಂದೇ ಅವಳ ಚಿತ್ರದ ಹಾಳೆಗಳ ಮೇಲೆ ಚಹಾ ಚೆಲ್ಲಿದಳು. ಗೆಳತಿಯ ಹುಟ್ಟುಹಬ್ಬಕ್ಕೆ ಹೋಗಕೂಡದೆಂದಳು. "ಇರ್ಲಿ ಬಿಡಮ್ಮಾ" ಎಂಬ ಉತ್ತರ ಸಿದ್ಧವಾಗಿರುತ್ತಿತ್ತು. ಗಂಗವ್ವನಿಗೂ ಸುದ್ದಿ ತಿಳಿದಿತ್ತು. ಮುದುಕಿ ಆರತಿಯ ಮಾತೇ ಎತ್ತದೆ ಟ್ರಂಕಿನ ಸೀರೆಯನ್ನು ತೆಗೆದು ಮಡಚಿ, ಮತ್ತೆ ಅಲ್ಲೇ ಇಟ್ಟಳು. ಜಗಳಕ್ಕೆ ಅವಳೂ ಬರಲಿಲ್ಲ. ಇದಕ್ಕಿಂತ ನರಕ ಬೇಕೆ ಎಂದು ಸುಕನ್ಯಾಳಿಗೆ ಅನಿಸಿತು.

ಕೊನೆಗೊಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ, ಗಂಗವ್ವ ದೇವರ ಕೋಣೆಯಲ್ಲಿದ್ದ ಹೊತ್ತು ನೋಡಿ, ತನಗೇ ಅಸಹ್ಯವಾಗುವಂಥ ಸುಳ್ಳೊಂದನ್ನು ಹೇಳಿದಳು.

"ಅಜ್ಜಿನ್ನ ಗದಗಿನ ವೃದ್ಧಾಶ್ರಮಕ್ಕ ಬಿಟ್ಟು ಬರ್ತೀನಿ. ನನಗ ಸಾಕಾಗೇತಿ ಆಕಿ ಕಾಟಾ."

ಇಂಚರಾ ತುತ್ತು ಕೆಳಗಿಟ್ಟಳು. "ಸುಳ್ಳ ಹೇಳ್ತಿ."

"ಸುಳ್ಳ್ಯಾಕ? ನಾಳೆನ. ಆಕಿ ಟ್ರಂಕೂ ತಿಪ್ಪಿಗೆ ಒಗದ ಬರ್ತೀನಿ."

ಹುಡುಗಿಯ ಮೂಗಿನ ಹೊಳ್ಳೆ ಅರಳಿತು. ತಾಟು ಹಾರಿ ಗೋಡೆಗೆ ಬಡಿಯಿತು. "ಎಂಥಾ ತಾಯಿ ನೀ! ನನ್ನ ಊರು ಅಳಿಸಿದಿ, ಸುಮ್ನಿದ್ದೆ. ಈಗ ಅಜ್ಜಿನ್ನೂ ಅಳಸ್ತಿ? ನೀನ ಹೋಗು ಆಶ್ರಮಕ್ಕ! ನಿನ್ನ ಕಂಡ್ರ ಆಗೂದಿಲ್ಲ ನನಗ. ಯಾರಿಗೂ ಆಗೂದಿಲ್ಲ. ಆಟನುಂಗಿ! ಮನಿನುಂಗಿ!"

ಗಂಟಲು ಬಿರಿಯುವಂತೆ ಕೂಗಿದಳು. ಓಣಿಯ ನಾಯಿ ಬೊಗಳಿತು. ದೇವರ ಕೋಣೆಯಿಂದ ಗಂಗವ್ವ ಓಡಿ ಬಂದು ಬಾಗಿಲಲ್ಲಿ ನಿಂತಳು. ಗೋಡೆಯಿಂದ ಸಾರು ಇಳಿಯುತ್ತಿತ್ತು. ಸುಕನ್ಯಾಳಿಗೆ ಬೈಗುಳ ಒಂದೊಂದೂ ಎದೆಗೆ ತಂಪೆರೆದಂತಾಯಿತು. ಬಂದಳು, ನನ್ನ ಮಗಳು ತಿರುಗಿ ಬಂದಳು ಎಂದುಕೊಂಡಳು. ಕಣ್ಣು ತುಂಬಿ ಬಂತು, ತುಟಿಯ ಮೇಲೆ ತಡೆಯಲಾರದ ನಗು ಹರಡಿತು.

ಇಂಚರಾಳ ಕಣ್ಣು ತಾಯಿಯ ಮುಖದ ಮೇಲೇ ಇತ್ತು. ಆ ನಗುವನ್ನು ಅವಳು ನೋಡಿದಳು. ಗೋಡೆಯಲ್ಲಿ ಗಾರೆ ಕಿತ್ತುಹೋದ ಜಾಗದ ಕಡೆಗೆ ಒಮ್ಮೆ ನೋಡಿ, ಮತ್ತೆ ತಾಯಿಯನ್ನು ನೋಡಿದಳು. ಅವಳ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ಹೊಸ ಊರಿನ ಹವಾಮಾನ ಅವಳಿಗೆ ಅರ್ಥವಾದಂತಿತ್ತು.

"ಸಾಕೇನಮ್ಮಾ?" ಎಂದು ಮೆಲ್ಲಗೆ ಕೇಳಿದಳು. "ಇನ್ನ ಸ್ವಲ್ಪ ಒದರ್ಲೇನು?"